ತಿರುವುಗಳಲ್ಲಿ ಮೋಟಾರು ಸೈಕಲ್ಲಿಗೆ ಬ್ರೇಕು ಹಾಕುವ ಕ್ರಮ

ಪೂರ್ವದಲ್ಲಿ ರೈತನು ಹೊಲಕ್ಕೂ ಸಂತೆಗೂ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದನು. ಈಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಗಳಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ, ಹುಲ್ಲಿನ ಹೊರೆ ಮೊದಲಾದುವು ಮೋಟಾರು ಸೈಕಲ್ಲಿನ ಮೇಲೆಯೇ ಸಾಗುತ್ತಿರುವುವು. ವಾಹನವು ಬದಲಾದರೂ ಬಂಡಿ ಹೊಡೆಯುವವನು ಅರಿತಿದ್ದ ನಿಯಮವೊಂದು ಬದಲಾಗಿಲ್ಲ. ಹೇರು ತುಂಬಿದ ಬಂಡಿಯನ್ನು ತಿರುವು ಬರುವುದಕ್ಕೆ ಮೊದಲೇ ನಿಧಾನಗೊಳಿಸಬೇಕೇ ಹೊರತು ತಿರುವಿನ ನಡುವೆ ತಡೆಯತಕ್ಕದ್ದಲ್ಲ.

ಇದಕ್ಕೆ ಕಾರಣವೇನೆಂದರೆ, ಗಾಲಿಯು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯುಂಟು. ನೇರವಾದ ದಾರಿಯಲ್ಲಿ ಆ ಶಕ್ತಿಯೆಲ್ಲವೂ ಬ್ರೇಕಿಗೆ ದೊರೆಯುವುದು. ತಿರುವಿನಲ್ಲಾದರೋ, ವಾಣಿವಿಲಾಸ ಸಾಗರದ ನೀರು ಎಡಬಲದ ನಾಲೆಗಳಿಗೆ ಹಂಚಿಹೋಗುವಂತೆ, ಅದೇ ಶಕ್ತಿಯು ತಿರುಗುವುದಕ್ಕೂ ನಿಲ್ಲುವುದಕ್ಕೂ ಹಂಚಿಹೋಗುವುದು. ಓರೆಯಾಗಿರುವಾಗ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿದರೆ ಮುಂಗಾಲಿಯು ಜಾರಿ ಸವಾರನು ಕ್ಷಣಮಾತ್ರದಲ್ಲಿ ಬೀಳುವನು. ಹಿಂದಿನದನ್ನು ಬಲವಾಗಿ ತುಳಿದರೆ ಹಿಂಗಾಲಿಯು ಪಕ್ಕಕ್ಕೆ ಸರಿಯುವುದು. ವೇಗವು ಎರಡರಷ್ಟಾದರೆ ಅದೇ ತಿರುವಿನಲ್ಲಿ ತಿರುಗಲು ಬೇಕಾದ ಹಿಡಿತವು ನಾಲ್ಕರಷ್ಟಾಗುವುದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ನಿಲ್ಲುವ ದೂರದ ಲೆಕ್ಕವೂ ಹೀಗೆಯೇ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುವವನು ಅಪಾಯವನ್ನು ಕಂಡು ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲಿಯೇ 11 ಮೀಟರು ಮುಂದೆ ಹೋಗಿರುವನು. ಒಣಗಿದ ಡಾಂಬರು ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 12 ಮೀಟರು ಬೇಕು. 60 ಕಿಲೋಮೀಟರು ವೇಗದಲ್ಲಿ ಇವೆರಡೂ ಸೇರಿ ಸುಮಾರು 45 ಮೀಟರು ಆಗುವುವು. ಆದುದರಿಂದ ತಿರುವಿನಲ್ಲಿ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ಯೋಗ್ಯವಾದ ವೇಗವು.

ಅನುಸರಿಸತಕ್ಕ ಕ್ರಮ:

1. ತಿರುವಿಗೆ ಮೊದಲು, ವಾಹನವು ನೆಟ್ಟಗಿರುವಾಗಲೇ ಎರಡು ಬ್ರೇಕುಗಳನ್ನೂ ಒಟ್ಟಿಗೆ, ಮೆಲ್ಲಮೆಲ್ಲನೆ ಒತ್ತಿ ವೇಗವನ್ನು ತಗ್ಗಿಸಬೇಕು. ಬ್ರೇಕು ಹಾಕಿದಾಗ ಭಾರವು ಮುಂದಕ್ಕೆ ಬೀಳುವುದರಿಂದ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುವುದು.

2. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಇಳಿಸಬೇಕು. ಎಂಜಿನನ್ನು ನಿಲ್ಲಿಸಿಯಾಗಲಿ ನ್ಯೂಟ್ರಲಿನಲ್ಲಾಗಲಿ ಇಳಿಯಕೂಡದು.

3. ತಿರುವಿನೊಳಗೆ ದೃಷ್ಟಿಯು ಹೋಗಬೇಕಾದ ದಾರಿಯ ಮೇಲಿರಬೇಕು; ವೇಗವು ಒಂದೇ ಸಮನಾಗಿರಬೇಕು. ಬಲ ತಿರುವಿನಲ್ಲಿ ಸವಾರನ ತಲೆಯು ಕೂಡ ನಡುಗೆರೆಯನ್ನು ದಾಟಕೂಡದು.

4. ತಿರುವಿನ ನಡುವೆ ನಿಲ್ಲಲೇಬೇಕಾಗಿ ಬಂದರೆ, ಸ್ಥಳವಿದ್ದಲ್ಲಿ ಮೊದಲು ವಾಹನವನ್ನು ನೆಟ್ಟಗೆ ಮಾಡಿ ಬಳಿಕ ಬ್ರೇಕನ್ನು ಬಲಪಡಿಸಬೇಕು. ಸ್ಥಳವಿಲ್ಲದಿದ್ದರೆ ಎರಡನ್ನೂ ಹಗುರವಾಗಿಯೇ ಒತ್ತಬೇಕು.

5. ಹಿಂಬದಿಯಲ್ಲಿ ಎತ್ತರವಾಗಿ ಹೇರು ಕಟ್ಟಿದರೆ ಮುಂಗಾಲಿಯು ಹಗುರಾಗಿ ಹಿಡಿತ ತಪ್ಪುವುದು. ಹೇರು ತಗ್ಗಾಗಿ, ಎರಡೂ ಪಕ್ಕಕ್ಕೆ ಸಮನಾಗಿರತಕ್ಕದ್ದು.

1-4-2019ರಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ವಾಹನಗಳಿಗೆ ಗಾಲಿಯು ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಎಂಬ ಸಾಧನವು ಕಡ್ಡಾಯವಾಯಿತು. ಇದು ಉಪಯುಕ್ತವೇ ಆದರೂ ಮರಳಿನ ಮೇಲೆ ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಸವಾರನಿಗೂ ಹಿಂದೆ ಕುಳಿತವನಿಗೂ ಶಿರಸ್ತ್ರಾಣವು 1988ರ ಮೋಟಾರು ವಾಹನ ಕಾಯಿದೆಯಿಂದ ವಿಧಿಸಲ್ಪಟ್ಟಿದೆ.

ಗ್ರಾಮದ ಯಜಮಾನರು ಗಮನಿಸಬೇಕಾದುದು ಮತ್ತೊಂದುಂಟು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ಒಕ್ಕುವ ವಾಡಿಕೆಯಿದೆ. ಆ ಹುಲ್ಲು ಮತ್ತು ಕಾಳಿನ ಮೇಲೆ ಗಾಲಿಗೆ ನೆಲವೇ ಸಿಕ್ಕುವುದಿಲ್ಲ. ತಿರುವಿನಲ್ಲಿ ಹರಡಿದರಂತೂ ರಾತ್ರಿಯ ಸವಾರನಿಗೆ ಅದು ಕಾಣುವ ಹೊತ್ತಿಗೆ ಕಾಲ ಮಿಂಚಿರುವುದು. ಮಳೆಗಾಲದಲ್ಲಿ ಟ್ರಾಕ್ಟರಿನ ಗಾಲಿಗಳು ಎರೆ ಹೊಲದಿಂದ ರಸ್ತೆಗೆ ತರುವ ಕೆಸರೂ ಇಂತಹುದೇ. ಊರಿಗೊಂದು ಸಾಮೂಹಿಕ ಕಣವನ್ನು ಏರ್ಪಡಿಸುವುದೂ, ರಸ್ತೆಗೆ ಬಿದ್ದ ಕೆಸರನ್ನು ಹೊಲದ ಒಡೆಯನೇ ಅಂದೇ ಎತ್ತಿಸುವುದೂ ಹೆಚ್ಚಿನ ವೆಚ್ಚದ ಕೆಲಸಗಳಲ್ಲ. ದುಡಿಯುವ ಮಗನೊಬ್ಬನು ಬಿದ್ದರೆ ಆ ಮನೆಯ ಬೇಸಾಯವೇ ನಿಂತುಹೋಗುವುದಾದ ಕಾರಣ, ಇದನ್ನು ಪರರ ಕೆಲಸವೆಂದು ಯಾರೂ ಭಾವಿಸತಕ್ಕದ್ದಲ್ಲ.