ಏಳು ದೇಶಗಳಿಗೆ ಒಬ್ಬ ಕಾರ್ಯದರ್ಶಿ

 

ನಮ್ಮ ಶಾಲಾ ಮಂತ್ರಿಮಂಡಲ ಮಾಡುವಾಗ ಆದ ಗಲಾಟೆ ನಿಮಗೆಲ್ಲ ನೆನಪಿದೆ. ಹಳೇ ಊರಿನವರು ನಮಗೊಬ್ಬ ಮಂತ್ರಿ ಬೇಕು ಅಂದರು. ಕಾಲೋನಿಯವರೂ ಲೇಔಟಿನವರೂ ಹಾಗೇ ಅಂದರು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಇರುವವರ ಮಕ್ಕಳು ಮಾತ್ರ ಏನೂ ಕೇಳಲಿಲ್ಲ. ಸಮಾಜ ಪಾಠದ ಮೇಷ್ಟ್ರು ನಾಲ್ಕು ಕಡೆಗೂ ಒಬ್ಬೊಬ್ಬರನ್ನು ಮಂತ್ರಿ ಮಾಡಿದರು. ಆಮೇಲೆ ನನ್ನನ್ನು ಕರೆದು, "ದೇಶ ದೇಶಗಳು ಸೇರಿದಾಗಲೂ ಇದೇ ಪ್ರಶ್ನೆ ಬರುತ್ತೆ ಕಣಮ್ಮ. ಸಾರ್ಕ್ ಬಗ್ಗೆ ಓದಿ ಗೋಡೆ ಪತ್ರಿಕೆಗೆ ಬರಿ" ಅಂದರು. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸಾರ್ಕ್ ಎಂದರೇನು?

ಸಾರ್ಕ್ ಎಂದರೆ ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘ. ಇದು 1985ರ ಡಿಸೆಂಬರ್ 8ರಂದು ಬಾಂಗ್ಲಾದೇಶದ ಢಾಕಾದಲ್ಲಿ ಆರಂಭವಾಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್ ಮೊದಲು ಸೇರಿದ ಏಳು ದೇಶಗಳು. 2007ರಲ್ಲಿ ಅಫ್ಘಾನಿಸ್ತಾನ ಸೇರಿ ಎಂಟಾದವು.

ನಮ್ಮ ಬೆಂಗಳೂರಿನಲ್ಲಿ ಆದ ತೀರ್ಮಾನ

ಸಾರ್ಕ್‌ನ ಎರಡನೇ ಶೃಂಗಸಭೆ ನಡೆದದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲೇ! 1986ರ ನವೆಂಬರ್ 16 ಮತ್ತು 17ರಂದು. ನಮ್ಮ ಪ್ರಧಾನಿ ರಾಜೀವ್ ಗಾಂಧಿಯವರು ಅದರ ಅಧ್ಯಕ್ಷರು. ನಮ್ಮ ತಾತ ಆಗ ಜಯನಗರದ ಮಾರ್ಕೆಟ್ಟಿಗೆ ಸೊಪ್ಪು ಹಾಕುತ್ತಿದ್ದರು. "ಏಳು ದೇಶದ ದೊರೆಗಳು ಬಂದವ್ರೆ ಅಂತ ಮಾರ್ಕೆಟ್ಟಲ್ಲೆಲ್ಲ ಅದೇ ಮಾತು" ಅಂತ ತಾತ ಈಗಲೂ ಹೇಳುತ್ತಾರೆ.

ಅಲ್ಲಿಯವರೆಗೆ ಸಾರ್ಕ್‌ಗೆ ಸ್ವಂತ ಕಾರ್ಯಾಲಯ ಇರಲಿಲ್ಲ. ನೇಪಾಳದ ಕಠ್ಮಂಡುವಿನಲ್ಲಿ ಒಂದು ಕಾರ್ಯಾಲಯ ತೆರೆಯಬೇಕು, ಅದಕ್ಕೆ ಒಬ್ಬ ಪ್ರಧಾನ ಕಾರ್ಯದರ್ಶಿ ಇರಬೇಕು ಎಂದು ಬೆಂಗಳೂರಿನಲ್ಲಿ ಒಪ್ಪಂದವಾಯಿತು. 1987ರ ಜನವರಿಯಲ್ಲಿ ಅದು ಆರಂಭವಾಯಿತು.

ಯಾರು ನಾಯಕರು?

ಪ್ರಧಾನ ಕಾರ್ಯದರ್ಶಿಯ ಸ್ಥಾನ ಒಂದೊಂದು ದೇಶಕ್ಕೆ ಸರದಿಯ ಮೇಲೆ ಬರುತ್ತದೆ. ಸರದಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ, ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರು ಬರುವ ಹಾಗೆ. ಮೊದಲನೆಯವರು ಬಾಂಗ್ಲಾದೇಶದ ಅಬುಲ್ ಅಹ್ಸಾನ್. 1989ರಲ್ಲಿ ಭಾರತದ ಕಾಂತ್ ಕಿಶೋರ್ ಭಾರ್ಗವ ಬಂದರು. ಅವರ ಜೊತೆ ಕೆಲಸ ಮಾಡಲು ಪ್ರತಿ ದೇಶದಿಂದ ಒಬ್ಬೊಬ್ಬ ನಿರ್ದೇಶಕರು ಇರುತ್ತಾರೆ. ಭಾರತ ಎಷ್ಟು ದೊಡ್ಡದು, ಮಾಲ್ಡೀವ್ಸ್ ಎಷ್ಟು ಚಿಕ್ಕದು! ಆದರೂ ಇಬ್ಬರಿಗೂ ಒಂದೊಂದೇ ಕುರ್ಚಿ. ಇದು ನನಗೆ ತುಂಬಾ ಇಷ್ಟವಾಯಿತು.

ಅಧಿಕಾರ ಎಷ್ಟು?

ಆದರೆ ಈ ಕಾರ್ಯದರ್ಶಿ ಯಾವ ದೇಶಕ್ಕೂ "ಹೀಗೆ ಮಾಡಿ" ಅಂತ ಆಜ್ಞೆ ಮಾಡುವಂತಿಲ್ಲ. ಸಾರ್ಕ್‌ನಲ್ಲಿ ಎಲ್ಲಾ ದೇಶಗಳೂ ಒಪ್ಪಿದರೆ ಮಾತ್ರ ತೀರ್ಮಾನ. ಎರಡು ದೇಶಗಳ ನಡುವಿನ ಜಗಳವನ್ನು ಅಲ್ಲಿ ಚರ್ಚಿಸುವಂತೆಯೂ ಇಲ್ಲ. 2016ರಲ್ಲಿ ಉರಿ ಎಂಬಲ್ಲಿ ನಮ್ಮ ಸೈನಿಕರ ಮೇಲೆ ದಾಳಿಯಾದ ಮೇಲೆ, ಇಸ್ಲಾಮಾಬಾದಿನ ಸಭೆಗೆ ಬರುವುದಿಲ್ಲ ಎಂದು ಭಾರತ ಹೇಳಿತು. ಬೇರೆ ಕೆಲವು ದೇಶಗಳೂ ಹೇಳಿದವು. ಸಭೆ ನಡೆಯಲೇ ಇಲ್ಲ. ಕಾರ್ಯದರ್ಶಿ ಯಾರನ್ನೂ ಬಲವಂತವಾಗಿ ಕರೆಸಲು ಆಗುವುದಿಲ್ಲ.

2011ರಲ್ಲಿ ಮಾಲ್ಡೀವ್ಸ್‌ನ ಫಾತಿಮತ್ ಧಿಯಾನಾ ಸಯೀದ್ ಈ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 2012ರ ಜನವರಿಯಲ್ಲಿ ತಮ್ಮ ದೇಶದ ಸರ್ಕಾರ ಒಬ್ಬ ನ್ಯಾಯಾಧೀಶರನ್ನು ಬಂಧಿಸಿದ್ದನ್ನು ಅವರು ಟೀಕಿಸಿದರು. ವಿವಾದವಾಯಿತು. ಅವರು ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟರು. ಎಲ್ಲಾ ದೇಶಗಳ ಕುರ್ಚಿಯಲ್ಲಿ ಕೂತು ಸ್ವಂತ ದೇಶದ ವಿಷಯ ಮಾತಾಡೋದು ಎಷ್ಟು ಕಷ್ಟ ನೋಡಿ.

ಯೂರೋಪಿನಲ್ಲಿ ಹೇಗೆ?

ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ. ಅದರ ಆಯೋಗದಲ್ಲಿ ದೇಶಕ್ಕೊಬ್ಬರಂತೆ 27 ಜನ ಇದ್ದಾರೆ. ಹಿಂದೆ ಹೀಗಿರಲಿಲ್ಲ. ಬೆಂಗಳೂರಿನ ಸಭೆ ನಡೆದ 1986ರಲ್ಲಿ ಅಲ್ಲಿ 12 ದೇಶಗಳು, ಆದರೆ ಆಯೋಗದಲ್ಲಿ 17 ಜನ. ಐದು ದೊಡ್ಡ ದೇಶಗಳಿಗೆ ಇಬ್ಬಿಬ್ಬರು! ಆಗ ಅಧ್ಯಕ್ಷರಾಗಿದ್ದವರು ಫ್ರಾನ್ಸಿನ ಜಾಕ್ ಡೆಲಾರ್.

ಈ ಆಯೋಗಕ್ಕೆ ನಿಜವಾದ ಅಧಿಕಾರ ಇದೆ. ಕಾನೂನಿನ ಕರಡನ್ನು ಅದೇ ಮಂಡಿಸುತ್ತದೆ. ನಿಯಮ ಮುರಿದ ದೇಶವನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಅದಕ್ಕೇ ಅಲ್ಲಿ ಸೇರುವವರು, ತಮ್ಮ ದೇಶದ ಸರ್ಕಾರದಿಂದಲೂ ಅಪ್ಪಣೆ ತೆಗೆದುಕೊಳ್ಳುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ.

ನಾನು ಮಾಡಿದ ತಪ್ಪು

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾನು ನೀರಿನ ಮಂತ್ರಿ, ಹಳೇ ಊರಿನವಳು. ಹೋದ ತಿಂಗಳು ಒಂದು ದಿನ ಟ್ಯಾಂಕಿನಲ್ಲಿ ನೀರು ಕಡಿಮೆ ಇತ್ತು. ಬಿಸಿಯೂಟ ಆದ ಮೇಲೆ ನಲ್ಲಿ ಹತ್ತಿರ ನಮ್ಮ ಊರಿನವರನ್ನೇ ಮುಂದೆ ಬಿಟ್ಟೆ. ಶೆಡ್ಡಿನ ಮಕ್ಕಳ ಸರದಿ ಬರೋ ಹೊತ್ತಿಗೆ ನೀರು ನಿಂತುಹೋಯಿತು. ಐದನೇ ತರಗತಿಯ ಒಬ್ಬಳು ತಟ್ಟೆ ತೊಳೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡಳು. ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಅವರ ಕಡೆಯ ಮಂತ್ರಿಯೂ ಏನೂ ಅನ್ನಲಿಲ್ಲ.

ಪ್ರತಿ ಕಡೆಯಿಂದ ಒಬ್ಬರು ಇದ್ದರೆ ಸಾಲದು, ಆ ಒಬ್ಬರು ಎಲ್ಲರಿಗೂ ಕೆಲಸ ಮಾಡಬೇಕು ಅಂತ ನನಗೆ ಗೊತ್ತಾಯಿತು. ಸೋಮವಾರದಿಂದ ನಲ್ಲಿಯ ಸಾಲು ತರಗತಿ ಪ್ರಕಾರ, ಚಿಕ್ಕವರು ಮೊದಲು. ನಾನು ತಪ್ಪಿದರೆ ಯಾರು ಬೇಕಾದರೂ ಮೇಷ್ಟ್ರಿಗೆ ಹೇಳಬಹುದು.

ಉತ್ತರ ಬರೆಯಿರಿ

1. ಸಾರ್ಕ್ ಕಾರ್ಯಾಲಯ ಯಾವ ನಗರದಲ್ಲಿದೆ?
2. 1986ರಲ್ಲಿ ಯೂರೋಪಿನ ಆಯೋಗದಲ್ಲಿ 12ರ ಬದಲು 17 ಜನ ಏಕೆ ಇದ್ದರು?
3. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಎಂಬ ನಿಯಮ ನಮ್ಮ ಮಂತ್ರಿಮಂಡಲಕ್ಕೆ ಬೇಕೇ, ಬೇಡವೇ? ಕಾರಣ ಕೊಡಿ.

ಉತ್ತರಗಳನ್ನು ಶನಿವಾರದೊಳಗೆ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ. ತಪ್ಪಿದ್ದರೆ ತಿದ್ದಿ, ಕ್ಷಮಿಸಿ.

— ನೀರಿನ ಮಂತ್ರಿ, 7ನೇ ತರಗತಿ