ಹ್ಯಾಲೋವೀನ್ ಸಂಜೆ ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ನಾವು ನ್ಯೂಜೆರ್ಸಿಗೆ ಬಂದು ಹೆಚ್ಚು ದಿನವಾಗಿಲ್ಲ. ಅಕ್ಟೋಬರ್ 31ರ ಸಂಜೆ ಆರು ವರ್ಷದ ಮಗ ಬ್ಯಾಟ್‌ಮ್ಯಾನ್ ವೇಷ ಹಾಕಿಕೊಂಡು ಮನೆಮನೆಗೆ ಕ್ಯಾಂಡಿ ಕೇಳಲು ಹೊರಟಿದ್ದಾನೆ. ಮೂರು ವರ್ಷದ ಮಗಳೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ಗುರುತಿಲ್ಲದವರು ಕೊಡುವ ಮಿಠಾಯಿಯಲ್ಲಿ ವಿಷ, ಬ್ಲೇಡು ಇರುತ್ತದಂತೆ ಎಂದು ಊರಿನಿಂದ ನಮ್ಮತ್ತೆ ದಿನಾ ವಾಟ್ಸಾಪ್ ಕಳಿಸುತ್ತಿದ್ದಾರೆ. ಮಕ್ಕಳನ್ನು ಕಳಿಸಲೋ ಬೇಡವೋ?

ಉತ್ತರ: ಕಳಿಸಿ, ಜೊತೆಗೆ ನೀವೂ ಹೋಗಿ. ನಿಮ್ಮತ್ತೆಯವರ ಹೆದರಿಕೆ ಅಮೆರಿಕದವರಿಗೂ ಹಳೆಯದೇ. ಡೆಲಾವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ಇಂಥ ಸುದ್ದಿಗಳನ್ನೆಲ್ಲ ಜಾಲಾಡಿದ್ದಾರೆ. ಅಪರಿಚಿತರು ಬಾಗಿಲಲ್ಲಿ ಕೊಟ್ಟ ಮಿಠಾಯಿಯ ವಿಷದಿಂದ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಖಚಿತವಾಗಿ ಸಿಕ್ಕಿಲ್ಲ. 1974ರಲ್ಲಿ ಟೆಕ್ಸಾಸ್‌ನ ಎಂಟು ವರ್ಷದ ಹುಡುಗನೊಬ್ಬ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತದ್ದು ನಿಜ. ಬೆರೆಸಿದವನು ಹೆತ್ತ ತಂದೆ, ವಿಮೆಯ ದುಡ್ಡಿನಾಸೆಗೆ.

ಆ ಸಂಜೆ ನಾನು ಹೆದರುವುದು ಕಾರಿಗೆ. 1975ರಿಂದ 2016ರವರೆಗಿನ ಅಮೆರಿಕದ ರಸ್ತೆ ಅಪಘಾತದ ಲೆಕ್ಕ ನೋಡಿದ ಸಂಶೋಧಕರು, ಹ್ಯಾಲೋವೀನ್ ಸಂಜೆಯನ್ನು ಅದರ ಹಿಂದಿನ ವಾರದ ಮತ್ತು ಮುಂದಿನ ವಾರದ ಅದೇ ಹೊತ್ತಿಗೆ ಹೋಲಿಸಿದರು. ಪಾದಚಾರಿಗಳ ಸಾವಿನ ಅಪಾಯ ಶೇ 43ರಷ್ಟು ಹೆಚ್ಚಿತ್ತು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಂತೂ ಹತ್ತು ಪಟ್ಟು. ನಿಮ್ಮ ಮಗನ ವಯಸ್ಸು ಅದೇ. ಕತ್ತಲಾಗುವ ಆರು ಗಂಟೆಯ ಆಸುಪಾಸಿನಲ್ಲೇ ಅಪಾಯ ಜಾಸ್ತಿ, ಅಂದರೆ ಆಫೀಸು ಮುಗಿಸಿದವರು ಮನೆಗೆ ಧಾವಿಸುವ ಹೊತ್ತು. ಕಾರು ಓಡಿಸುವವರಲ್ಲಿ ನಮ್ಮ ಮನೆಯವರೂ ಇರುತ್ತಾರೆ ಎಂಬುದನ್ನು ಮರೆಯಬೇಡಿ; ಯಜಮಾನರಿಗೆ ಅಂದು ಬೇಗ ಹೊರಟು ಬಡಾವಣೆಯೊಳಗೆ ನಿಧಾನಕ್ಕೆ ಬರಲು ಹೇಳಿ.

ಬ್ಯಾಟ್‌ಮ್ಯಾನ್ ಬಟ್ಟೆ ಕಪ್ಪು. ಬೆನ್ನಿಗೆ, ತೋಳಿಗೆ, ಕ್ಯಾಂಡಿ ಚೀಲಕ್ಕೆ ಬೆಳಕಿಗೆ ಹೊಳೆಯುವ ಟೇಪ್ ಅಂಟಿಸಿ, ಕೈಗೊಂದು ಟಾರ್ಚ್ ಕೊಡಿ. ಮುಖವಾಡ ಹಾಕಿದ ಮಗುವಿಗೆ ಅಕ್ಕಪಕ್ಕ ಕಾಣುವುದಿಲ್ಲ. ಬಣ್ಣ ಬಳಿಯುವುದು ವಾಸಿ. ಒಂದೆರಡು ದಿನ ಮೊದಲೇ ಮುಂಗೈಗೆ ಸ್ವಲ್ಪ ಹಚ್ಚಿ, ಚರ್ಮ ಕೆಂಪಾಗುತ್ತದೆಯೇ ನೋಡಿ. ಬೀದಿಯ ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ, ಆಮೇಲೆ ಮೂಲೆಯಲ್ಲಿ ದಾಟಿ. ಎದುರುಮನೆಯಲ್ಲಿ ದೊಡ್ಡ ಚಾಕೊಲೇಟ್ ಕೊಡುತ್ತಿದ್ದಾರೆಂದು ಮಗು ನಡುರಸ್ತೆಗೆ ನುಗ್ಗುವುದೇ ಹೆಚ್ಚು.

ಮಗಳ ಪಾಲನ್ನು ಮಾತ್ರ ನೀವೇ ಆರಿಸಿ. ನಾಲ್ಕು ವರ್ಷದೊಳಗಿನವರಿಗೆ ಗಟ್ಟಿ ಕ್ಯಾಂಡಿ, ಇಡೀ ಕಡಲೆಕಾಯಿ ಬೀಜ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕವರ್ ಹರಿದದ್ದು ಕಸಕ್ಕೆ. ಗಾಂಜಾ ಬೆರೆಸಿದ ಗಮ್ಮಿಗಳು ಈಗ ಮಕ್ಕಳ ಗಮ್ಮಿಯಂತೆಯೇ ಕಾಣುತ್ತವೆ. ದೊಡ್ಡವರು ತಮಗೆಂದು ತಂದಿಟ್ಟದ್ದು ಮಗುವಿನ ಬಾಯಿಗೆ ಹೋಗುವುದೇ ಸಾಮಾನ್ಯ, ಹಾಗಾಗಿ ಪಾರ್ಟಿಗೆ ಹೋದ ಮನೆಯ ಟೀಪಾಯಿ ಮೇಲೆ ಕಣ್ಣಿಡಿ. ಅನುಮಾನ ಬಂದರೆ 1-800-222-1222ಕ್ಕೆ ಫೋನ್ ಮಾಡಿ, ಅದು ವಿಷ ಸಹಾಯವಾಣಿ. ಮಗು ಎಚ್ಚರ ತಪ್ಪಿದರೆ, ಉಸಿರಾಟಕ್ಕೆ ಕಷ್ಟಪಟ್ಟರೆ ನೇರ 911.

ಪ್ರಶ್ನೆ: ಹದಿನೈದು ವರ್ಷದ ಮಗಳು ಬೆಕ್ಕಿನ ಕಣ್ಣಿನಂಥ ಲೆನ್ಸ್ ಆನ್‌ಲೈನಲ್ಲಿ ತರಿಸುತ್ತೇನೆ ಅನ್ನುತ್ತಾಳೆ. ಒಂದು ರಾತ್ರಿಗೆ ಏನಾದೀತು?

ಉತ್ತರ: ಒಂದು ರಾತ್ರಿ ಸಾಕು. ಅಳತೆಗೆ ಕೂಡದ ಲೆನ್ಸ್ ಕಾರ್ನಿಯಾವನ್ನು ಗೀರುತ್ತದೆ, ಗೀರಿದಲ್ಲಿ ಸೋಂಕು ಹುಣ್ಣಾಗುತ್ತದೆ, ಕಲೆ ಉಳಿದರೆ ದೃಷ್ಟಿಯೇ ಮಂಕು. ಪವರ್ ಇಲ್ಲದ ಅಲಂಕಾರದ ಲೆನ್ಸನ್ನೂ ಡಾಕ್ಟರ ಚೀಟಿಯಿಲ್ಲದೆ ಮಾರುವುದು ಅಮೆರಿಕದಲ್ಲಿ 2005ರಿಂದ ಕಾನೂನುಬಾಹಿರ. ಅವಳಿಗೆ ಬೇಕೇ ಬೇಕೆಂದರೆ ಕಣ್ಣಿನ ಡಾಕ್ಟರ ಹತ್ತಿರ ಅಳತೆ ಕೊಟ್ಟು ತರಿಸಿ. ಗೆಳತಿಯರು ಅದಲುಬದಲು ಮಾಡಿಕೊಳ್ಳದಿರಲಿ. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ಕೂಡಲೇ ಲೆನ್ಸ್ ತೆಗೆದು ಅಂದೇ ತೋರಿಸಿ.

ಪ್ರಶ್ನೆ: ಶಿವಮೊಗ್ಗದಿಂದ ಬಂದಿರುವ ಮಾವನವರಿಗೆ 68 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ. ಮೊಮ್ಮಕ್ಕಳು ಮುಟ್ಟದ ಕಪ್ಪು ಲಿಕೊರಿಸ್ ಕ್ಯಾಂಡಿಯನ್ನೆಲ್ಲ ಅವರೇ ಖಾಲಿ ಮಾಡುತ್ತಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲವಲ್ಲ, ಪರವಾಗಿಲ್ಲವೇ?

ಉತ್ತರ: ಒಂದೆರಡು ತುಂಡಾದರೆ ಚಿಂತೆಯಿಲ್ಲ, ದಿನಾ ಬೇಡ. ಅದರಲ್ಲಿರುವುದು ನಮ್ಮ ಅತಿಮಧುರದ ಬೇರು. ಬೇರಿನ ಗ್ಲಿಸಿರೈಜಿನ್ ದೇಹದ ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. ನಲವತ್ತು ದಾಟಿದವರು ದಿನಕ್ಕೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂನಂತೆ ಎರಡು ವಾರ ತಿಂದರೆ ಹೃದಯದ ಬಡಿತ ತಾಳ ತಪ್ಪಬಹುದು ಎಂದು ಅಮೆರಿಕದ ಎಫ್‌ಡಿಎ ಎಚ್ಚರಿಸಿದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಪೊಟ್ಯಾಸಿಯಂ ಇನ್ನೂ ಬೇಗ ಇಳಿದೀತು. ಲಿಕೊರಿಸ್ ಹೆಸರಿನ ಎಷ್ಟೋ ಕ್ಯಾಂಡಿಗಳಲ್ಲಿ ಬೇರೇ ಇರುವುದಿಲ್ಲ, ಸೋಂಪಿನಂಥ ವಾಸನೆಯ ಎಣ್ಣೆಯಷ್ಟೇ. ಡಬ್ಬಿಯ ಮೇಲಿನ ಪಟ್ಟಿ ಓದಿ. ಕಾಲು ಬಾತರೆ, ಸುಸ್ತು ಬಂದರೆ ಕ್ಯಾಂಡಿ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ. ಎದೆ ಡವಗುಟ್ಟಿ ತಲೆ ಸುತ್ತಿದರೆ ತಡಮಾಡದೆ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಪ್ರಶ್ನೆ: 2024ರ ಹಾಗೆ ಹ್ಯಾಲೋವೀನ್ ಮತ್ತು ದೀಪಾವಳಿ ಒಂದೇ ದಿನ ಬಂದರೆ, ವೇಷದಲ್ಲೇ ಸುರುಸುರುಬತ್ತಿ ಹಚ್ಚಬಹುದೇ?

ಉತ್ತರ: ಬೇಡ. ನೈಲಾನ್ ಬಟ್ಟೆಗೆ ಕಿಡಿ ಹತ್ತಿದರೆ ಕರಗಿ ಮೈಗೆ ಅಂಟುತ್ತದೆ. ವೇಷ ಬಿಚ್ಚಿಸಿ, ಹತ್ತಿ ಬಟ್ಟೆ ಹಾಕಿಸಿ ಹಚ್ಚಿಸಿ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನಡಿ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಇಂಕು ಯಾವುದನ್ನೂ ಹಚ್ಚಬೇಡಿ.