ಹೆಗಲ ಮೇಲಿನ ನಕ್ಷತ್ರ

ಬೆಳಗಿನ ಜಾವ ಬೈಲಕುಪ್ಪೆ ರಸ್ತೆಯಲ್ಲಿ, ಹೊಗೆಸೊಪ್ಪಿನ ಹೊಲಗಳ ಬದಿಯಲ್ಲಿ 1,600 ಮೀಟರ್ ಓಟಕ್ಕೆ ಕಾಲು ಪಳಗಿಸುತ್ತಿರುವ ಮಕ್ಕಳೇ, ಸೇನೆಗೆ ಭರ್ತಿಯಾಗುವುದು ಹೇಗೆಂದು ಹೇಳಿಕೊಡುವವರು ನಿಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಅಲ್ಲಿ ಸಿಗುವ ಪದವಿಯನ್ನು ಹೇಗೆ ಉಳಿಸಿಕೊಳ್ಳಬೇಕೆಂದು ನಾನು ಎರಡು ಮಾತು ಹೇಳುತ್ತೇನೆ, ಕೇಳಿ.

ಅಗ್ನಿವೀರನಾಗಿ ಸೇರಿ, ನಾಲ್ಕು ವರ್ಷದ ಮೇಲೆ ಸೇನೆಯಲ್ಲಿ ಉಳಿಯಲು ಆಯ್ಕೆಯಾದವನು ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂದು ಮೇಲೇರಿ, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್‌ವರೆಗೆ ಹೋಗಬಹುದು. ಪಿಯುಸಿ ಆದ ಮೇಲೆ ಎನ್‌ಡಿಎ, ಡಿಗ್ರಿ ಆದ ಮೇಲೆ ಸಿಡಿಎಸ್ ಪರೀಕ್ಷೆ ಗೆದ್ದವರು ತರಬೇತಿ ಮುಗಿಸಿ ನೇರ ಲೆಫ್ಟಿನೆಂಟ್ ಆಗುತ್ತಾರೆ. 2022ರಿಂದ ಎನ್‌ಡಿಎ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ. ಹತ್ತಿರದ ಕೂಡಿಗೆಯಲ್ಲೇ 2007ರಿಂದ ಸೈನಿಕ ಶಾಲೆ ನಡೆಯುತ್ತಿದೆ. ಆಸೆ ದೊಡ್ಡದಿರಲಿ.

ಆದರೆ ಒಂದು ಸಂಗತಿ ಗಮನಿಸಿ. ಲೆಫ್ಟಿನೆಂಟ್ ಹೆಗಲ ಮೇಲೆ ಎರಡು ನಕ್ಷತ್ರ. ಸುಬೇದಾರರ ಹೆಗಲ ಮೇಲೂ ಎರಡೇ. ಸುಬೇದಾರರ ನಕ್ಷತ್ರದ ಜೊತೆಗೆ ಕೆಂಪು-ಹಳದಿಯ ಸಣ್ಣದೊಂದು ಪಟ್ಟಿ ಇರುತ್ತದೆ, ಅಷ್ಟೇ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಡಿ ಕಾದ ಆ ಹಿರಿಯರು ಮೀಸೆ ಚಿಗುರುತ್ತಿರುವ ಹುಡುಗನಿಗೆ ಸೆಲ್ಯೂಟ್ ಹೊಡೆಯುತ್ತಾರೆ. ಆ ಹುಡುಗ ಅವರನ್ನು ‘ಸಾಬ್’ ಎಂದು ಗೌರವದಿಂದ ಕರೆಯುತ್ತಾನೆ. ಈ ಎರಡೂ ಇದ್ದರೇನೇ ಪಲ್ಟನ್ ನಡೆಯುವುದು. ನೀವು ಅಧಿಕಾರಿಯಾದರೆ ಆ ಸಾಬ್ ಪಕ್ಕ ಕೂತು ಕೇಳಿ ಕಲಿಯಿರಿ. ಸುಬೇದಾರ್ ಆದರೆ ಆ ಹುಡುಗನಿಗೆ ಗೊತ್ತಿಲ್ಲದ್ದನ್ನು ನಾಲ್ಕು ಜನರ ಮುಂದೆ ಎತ್ತಿ ಆಡದೆ, ಒಬ್ಬನೇ ಇದ್ದಾಗ ಹೇಳಿಕೊಡಿ.

ಪದವಿಯನ್ನು ಸ್ವಂತ ಆಸ್ತಿ ಎಂದುಕೊಂಡವರನ್ನು ನಮ್ಮ ಮೈಸೂರು ಸೀಮೆ ಕಂಡಿದೆ. ದಳವಾಯಿ ಎಂದರೆ ಅರಸರ ಸೇನೆ ನಡೆಸುವವನು. ಅಂಥ ದಳವಾಯಿಗಳು 1734ರಲ್ಲಿ ಚಾಮರಾಜ ಒಡೆಯರನ್ನೇ ಪಟ್ಟದಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಅಟ್ಟಿದರು. ಕೊನೆಗೆ ಅವರ ಕೈಕೆಳಗೆ ಬೆಳೆದ ಹೈದರಲಿಯೇ ಅವರ ಅಧಿಕಾರವನ್ನು ಕಿತ್ತುಕೊಂಡ.

ಇದಕ್ಕೆ ತದ್ವಿರುದ್ಧವಾಗಿ ಬಾಳಿದವರು ಕಾವೇರಿಯ ಆಚೆ ದಡದ ಕೊಡಗಿನಲ್ಲಿ ಹುಟ್ಟಿದರು. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಬಂತು. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನದ ಸೆರೆ ಸಿಕ್ಕಾಗ, ಹಿಂದೆ ಅವರ ಕೈಕೆಳಗೆ ದುಡಿದಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವನನ್ನು ಬಿಟ್ಟುಕೊಡಲು ಮುಂದಾದರು. ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಒಬ್ಬನಿಗೆಂದು ಬೇರೆ ದಾರಿ ಬೇಡ ಎಂದುಬಿಟ್ಟರು ಕಾರ್ಯಪ್ಪ. ಮಡಿಕೇರಿಯ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಕಾಶ್ಮೀರದ ಹಿಮದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ನುಗ್ಗಿಸಿದಾಗ, ಮೇಜರ್ ಜನರಲ್ ಆಗಿದ್ದರೂ ಮುಂದಿನ ಟ್ಯಾಂಕಿನಲ್ಲೇ ಇದ್ದರು.

ಇನ್ನು ಈಚೆ ದಡದ ಕಥೆ. ಊರೂರಲ್ಲಿ ಹೇಳಬೇಕಾದ ಕಥೆಯಾದರೂ ಹೇಳಿದವರು ಕಡಿಮೆ. 1960ರ ದಶಕದ ಆರಂಭದಲ್ಲಿ ನಮ್ಮ ಪಕ್ಕದ ಬೈಲಕುಪ್ಪೆಯಲ್ಲೇ ಕಾಡು ಕಡಿದು ಜೋಳ ಬಿತ್ತಿದ ಟಿಬೆಟಿಯನ್ನರನ್ನು ಸ್ವೆಟರ್ ಮಾರುವವರು, ಮಠದವರು ಎಂದಷ್ಟೇ ನಾವು ಬಲ್ಲೆವು. 1962ರ ನವೆಂಬರ್ 14ರಂದು, ಚೀನಾ ಯುದ್ಧದ ನಡುವೆಯೇ, ಸರ್ಕಾರ ಟಿಬೆಟಿಯನ್ನರಿಗಾಗಿ ವಿಶೇಷ ಗಡಿ ಪಡೆಯನ್ನು ಕಟ್ಟಿತು. ಉತ್ತರದ ಚಕ್ರಾತಾ ಅದರ ನೆಲೆ. ಬೈಲಕುಪ್ಪೆಯಂಥ ನೆಲೆಗಳ ಯುವಕರು ಅದಕ್ಕೆ ಸೇರಿದರು. 1971ರ ಬಾಂಗ್ಲಾ ಯುದ್ಧದಲ್ಲಿ ಈ ಪಡೆ ಚಿತ್ತಗಾಂಗ್ ಗುಡ್ಡಗಾಡಿಗೆ ನುಗ್ಗಿತು. ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕೊಟ್ಟರು. ಅವರಲ್ಲಿ ಧೊಂಡುಪ್ ಗ್ಯಾತೋತ್ಸಾಂಗ್ ಒಬ್ಬರು. ಅವರ ಪದವಿ ದಾಪೋನ್, ನಮ್ಮ ಬ್ರಿಗೇಡಿಯರ್‌ಗೆ ಸಮ. ಅಷ್ಟು ದೊಡ್ಡ ಹುದ್ದೆಯವರು ಹಿಂದೆ ಉಳಿಯದೆ ತಮ್ಮವರ ಜೊತೆ ಮುಂದೆ ನಡೆದು ಬಿದ್ದರು. ಪಡೆ ಗುಪ್ತವಾದ್ದರಿಂದ ಶೌರ್ಯಪದಕದ ಸಾಲಿನಲ್ಲಿ ಅವರ ಹೆಸರು ಬರಲಿಲ್ಲ. 2020ರಲ್ಲಿ ಲಡಾಖ್‌ನಲ್ಲಿ ನೆಲಬಾಂಬಿಗೆ ಬಲಿಯಾದ ಕಂಪನಿ ಲೀಡರ್ ನ್ಯಿಮಾ ತೆನ್‌ಜಿನ್ ಅವರ ಅಂತ್ಯಕ್ರಿಯೆ ಲೇಹ್‌ನಲ್ಲಿ ಬಹಿರಂಗವಾಗಿ ನಡೆದಾಗಲೇ ದೇಶದ ಬಹಳ ಜನ ಈ ಪಡೆಯ ಹೆಸರು ಕೇಳಿದ್ದು.

ಮಕ್ಕಳೇ, ಆಚೆ ದಡದವರಿಗೆ ಪ್ರತಿಮೆಗಳಿವೆ, ಈಚೆ ದಡದವರಿಗೆ ಇಲ್ಲ. ಆದರೂ ಎರಡೂ ಕಡೆಯವರು ಮಾಡಿದ್ದು ಒಂದೇ ಕೆಲಸ: ಪದವಿಯನ್ನು ತಮಗಾಗಿ ಬಳಸಲಿಲ್ಲ. ಹುದ್ದೆ ಬೇಗ ಬರಬಹುದು, ತಡವಾಗಬಹುದು, ಪದಕ ಬಾರದೆಯೂ ಹೋಗಬಹುದು. ನಿಮ್ಮ ಕೈಕೆಳಗಿನವರು ನಿಮ್ಮನ್ನು ನಂಬಿದರೋ ಇಲ್ಲವೋ ಎನ್ನುವುದು ಮಾತ್ರ ಪೂರಾ ನಿಮ್ಮ ಕೈಯಲ್ಲಿದೆ. ರಜೆಗೆ ಬಂದಾಗ ಯೂನಿಫಾರ್ಮ್ ತೋರಿಸಿ ಬಸ್ಸಿನಲ್ಲಿ ಸೀಟು ಕೇಳಬೇಡಿ. ಟಿಬೆಟಿಯನ್ ಕ್ಯಾಂಪಿನ ಕಡೆ ಹೋಗಿ, ಮಣಿ ಎಣಿಸುತ್ತಾ ಕೂತ ಹಿರಿಯರಿಗೆ ಮೊದಲು ನೀವೇ ಕೈಮುಗಿಯಿರಿ. ಅವರಲ್ಲಿ ಯಾರು ಯಾವ ಬೆಟ್ಟ ಕಾದು ಬಂದವರೋ, ಹೆಗಲು ನೋಡಿದರೆ ಈಗ ತಿಳಿಯುವುದಿಲ್ಲ.